ಕನ್ನಡ ನಾಡಿನ ಕ್ರೈಸ್ತರೂ ನಾಡಿನ ಸೇವೆಯೂ

ಸಂಖ್ಯೆಯಲ್ಲಿ ಅಲ್ಪವಾಗಿರುವ ಒಂದು ಸಮಾಜವು ತನ್ನ ಸುತ್ತಲಿನ ಬಹುಜನರ ಬಾಳನ್ನು ಹೇಗೆ ಬೆಳಗಬಲ್ಲುದೆಂಬ ಪ್ರಶ್ನೆಯು ಮತಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ನಾಡನ್ನು ಕಟ್ಟುವವರೆಲ್ಲರೂ ಉತ್ತರ ಹುಡುಕಬೇಕಾದ ಪ್ರಶ್ನೆಯಿದು. ಶಿವಮೊಗ್ಗೆಯಲ್ಲಿಯೂ ಭದ್ರಾವತಿಯಲ್ಲಿಯೂ ನಮ್ಮ ನೆರೆಮನೆಗಳಲ್ಲಿಯೇ ಕ್ರೈಸ್ತ ಬಾಂಧವರು ವಾಸಿಸುತ್ತಿದ್ದಾರೆ. ಅವರ ಶಾಲೆಗಳಲ್ಲಿ ನಮ್ಮ ಮಕ್ಕಳು ಓದುತ್ತಾರೆ, ಅವರ ಆಸ್ಪತ್ರೆಗಳಲ್ಲಿ ನಮ್ಮ ರೋಗಿಗಳು ಗುಣ ಹೊಂದುತ್ತಾರೆ. ಆದರೂ ಅವರ ವಿಷಯವಾಗಿ ನಮ್ಮಲ್ಲಿ ಎರಡು ತಪ್ಪು ಭಾವನೆಗಳು ಬೇರೂರಿವೆ. ಅವರು ಹೊರಗಿನವರೆಂದೂ ಅವರ ಸೇವೆಯೆಲ್ಲ ಗಾಳದ ತುದಿಗೆ ಚುಚ್ಚಿದ ಎರೆಯೆಂದೂ ಬಗೆಯುವುದು ಒಂದು. ಇದು ಕ್ರೈಸ್ತೇತರರಲ್ಲಿ ಕೆಲವರ ಮಾತು. ಭಾನುವಾರದ ಪೂಜೆಯನ್ನು ಸಲ್ಲಿಸಿ, ತಮ್ಮ ಸಂಸ್ಥೆಗಳ ಗೋಡೆಯೊಳಗೆ ನೆಮ್ಮದಿಯಿಂದಿದ್ದರೆ ತಮ್ಮ ಕರ್ತವ್ಯವು ಮುಗಿಯಿತೆಂದು ತಿಳಿಯುವುದು ಇನ್ನೊಂದು. ಇದು ಕ್ರೈಸ್ತರಲ್ಲಿಯೇ ಕೆಲವರ ನಡತೆ. ಇವೆರಡನ್ನೂ ನಮ್ಮ ನಾಡಿನ ಇತಿಹಾಸವೇ ಖಂಡಿಸುತ್ತದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಯೇಸುಕ್ರಿಸ್ತನು ತನ್ನ ಶಿಷ್ಯರನ್ನು ಉಪ್ಪಿಗೂ ದೀಪಕ್ಕೂ ಹೋಲಿಸಿದನೆಂಬುದು ಕ್ರೈಸ್ತರಲ್ಲದವರೂ ಬಲ್ಲ ಸಂಗತಿ. ಇವುಗಳಲ್ಲಿ ಉಪ್ಪಿನ ಹೋಲಿಕೆಯು ನಮಗೆ ಹೆಚ್ಚು ಅರ್ಥಗರ್ಭಿತವಾಗಿ ತೋರುತ್ತದೆ. ಉಪ್ಪಿಗಿಂತ ರುಚಿಯಿಲ್ಲವೆಂದು ನಮ್ಮ ಗಾದೆಯೂ ಸಾರುತ್ತದೆ. ಆದರೆ ಉಪ್ಪು ರುಚಿ ಕೊಡುವುದು ಯಾವಾಗ? ಡಬ್ಬಿಯಲ್ಲಿ ಹರಳಾಗಿ ಕುಳಿತಾಗಲ್ಲ. ಸಾರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಾದಾಗಲೇ ಅದರ ಗುಣ ಪ್ರಕಟವಾಗುವುದು. ಹೀಗೆ ಕರಗಿದರೂ ಅದು ತನ್ನ ಉಪ್ಪುತನವನ್ನು ಬಿಡುವುದಿಲ್ಲವೆಂಬುದೂ ಅಷ್ಟೇ ನಿಜ. ತನ್ನ ನಂಬಿಕೆಯನ್ನು ಬಿಡದೆ ನಾಡಿನಲ್ಲಿ ಕರಗುವುದು ಹೇಗೆಂಬುದೇ ಕ್ರೈಸ್ತರ ಮುಂದಿರುವ ಪ್ರಶ್ನೆಯ ಸಾರ. ಕನ್ನಡ ನಾಡಿನಲ್ಲಿ ಇದಕ್ಕೆ ಉತ್ತರ ಕೊಟ್ಟ ಮಹನೀಯರು ಆಗಿಹೋಗಿದ್ದಾರೆ.

ಮೊದಲು ಭಾಷೆಯ ವಿಚಾರವನ್ನು ತೆಗೆದುಕೊಳ್ಳೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಪಾದ್ರಿಗಳು ಮತಪ್ರಚಾರಕ್ಕಾಗಿಯೇ ಬಂದರೆಂಬುದನ್ನು ಮುಚ್ಚಿಡಬೇಕಾದುದಿಲ್ಲ, ಅವರೂ ಅದನ್ನು ಮುಚ್ಚಿಡಲಿಲ್ಲ. ಆದರೆ ಅವರು ಬಂದು ಸುಮಾರು ಇನ್ನೂರು ವರ್ಷಗಳಾಗುತ್ತ ಬಂದಿರುವ ಈಗ ಅವರ ಕೆಲಸದಲ್ಲಿ ಇಡೀ ನಾಡಿಗೆ ಉಳಿದದ್ದೇನೆಂದು ಲೆಕ್ಕ ಹಾಕಿದರೆ ಕಣ್ಣಿಗೆ ಬೀಳುವುದು ಕನ್ನಡದ ಸೇವೆಯೇ. ೧೮೪೧ರಲ್ಲಿ ಮಂಗಳೂರಿನಲ್ಲಿ ಅವರ ಅಚ್ಚುಕೂಟವು ಪ್ರಾರಂಭವಾಯಿತು. ೧೮೪೩ನೆಯ ಜುಲೈ ೧ರಂದು ಹೆರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಯು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದನು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯದು. ಇಂದಿಗೂ ಜುಲೈ ೧ನೆಯ ದಿನವನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಅದರ ನೆನಪಿಗಾಗಿಯೇ. ಇದೇ ಮೊಗ್ಲಿಂಗನು ತಾಳೆಗರಿಗಳಲ್ಲಿ ಅಡಗಿದ್ದ ಕಾವ್ಯಗಳನ್ನು ಹುಡುಕಿಸಿ, "ಬಿಬ್ಲಿಯೊಥೆಕಾ ಕರ್ನಾಟಿಕಾ" ಎಂಬ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದನು. ಇದನ್ನು ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ವೀರಶೈವರ ಪುರಾಣವನ್ನೂ ವೈಷ್ಣವ ದಾಸರ ಹಾಡುಗಳನ್ನೂ ಕ್ರೈಸ್ತನೊಬ್ಬನು ಅಚ್ಚಿಗೆ ತಂದನು! ತನ್ನ ಮತವನ್ನು ಸಾರಬಂದವನು ನೆರೆಯವನ ಮತದ ಗ್ರಂಥವನ್ನು ಕಾಪಾಡಿದನು. ಜನರ ಹೃದಯವನ್ನು ಅರಿಯಬೇಕಾದರೆ ಜನರ ನುಡಿಯನ್ನೂ ಹಾಡನ್ನೂ ಅರಿಯಬೇಕೆಂಬ ತಿಳಿವಳಿಕೆಯೇ ಇದಕ್ಕೆ ಕಾರಣ.

ಫರ್ಡಿನೆಂಡ್ ಕಿಟ್ಟೆಲ್ಲರ ಹೆಸರನ್ನು ತಿಳಿಯದ ಉಪಾಧ್ಯಾಯರು ನಮ್ಮಲ್ಲಿ ಇರಲಾರರು. ೧೮೫೩ರಲ್ಲಿ ಈ ನಾಡಿಗೆ ಬಂದ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿಯೂ ಶೋಧಿಸಿ ಪ್ರಕಟಿಸಿದರು. ಕನ್ನಡ ಪಂಡಿತರ ನೆರವಿನೊಡನೆ ಹಲವು ವರ್ಷಗಳ ತಪಸ್ಸಿನಿಂದ ಸಿದ್ಧಪಡಿಸಿದ, ಸುಮಾರು ೭೦,೦೦೦ ಶಬ್ದಗಳ ಅವರ ನಿಘಂಟು ೧೮೯೪ರಲ್ಲಿ ಹೊರಬಿದ್ದಿತು. ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಮಂಗಳೂರು ಮದರಾಸಿಗೆ, ಧಾರವಾಡ ಮುಂಬಯಿಗೆ, ಕಲಬುರಗಿ ನಿಜಾಮನಿಗೆ. ಮೈಸೂರು ಬೇರೆ, ಕೊಡಗು ಬೇರೆ. ಒಂದು ಊರಿನ ಕನ್ನಡಿಗನು ಮತ್ತೊಂದು ಊರಿನ ಕನ್ನಡಿಗನನ್ನು ಪರದೇಶಿಯಂತೆ ಕಾಣುತ್ತಿದ್ದ ಆ ಕಾಲದಲ್ಲಿ, ಈ ಐದು ಆಳ್ವಿಕೆಗಳ ಗಡಿಗಳನ್ನು ಕಿಟ್ಟೆಲ್ಲರ ನಿಘಂಟು ಲೆಕ್ಕಿಸಲಿಲ್ಲ. ಹಳಗನ್ನಡದ ಕವಿಯೂ ಹುಬ್ಬಳ್ಳಿಯ ಒಕ್ಕಲಿಗನೂ ಅದರಲ್ಲಿ ಒಂದೇ ಮನೆಯವರಾದರು. ೧೯೫೬ನೆಯ ನವೆಂಬರ್ ೧ರಂದು ಭೂಪಟದ ಮೇಲೆ ಏರ್ಪಟ್ಟ ಏಕೀಕರಣವು ಅದಕ್ಕೆ ಆರು ದಶಕಗಳ ಹಿಂದೆಯೇ ನಿಘಂಟಿನ ಪುಟಗಳಲ್ಲಿ ಏರ್ಪಟ್ಟಿತ್ತೆಂದರೆ ಅತಿಶಯೋಕ್ತಿಯಾಗದು.

ನಮ್ಮ ಜಿಲ್ಲೆಯ ಋಣವಂತೂ ಇನ್ನೂ ಹತ್ತಿರದ್ದು. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಬಿ. ಎಲ್. ರೈಸರು ಮೈಸೂರು ಸರಕಾರದ ಸೇವೆಯಲ್ಲಿದ್ದು ಸಾವಿರಾರು ಶಾಸನಗಳನ್ನು ಸಂಗ್ರಹಿಸಿದರು. "ಎಪಿಗ್ರಾಫಿಯಾ ಕರ್ನಾಟಿಕಾ"ದ ಏಳನೆಯ ಮತ್ತು ಎಂಟನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಗೇ ಮೀಸಲಾದವು. ಅವು ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಪ್ರಕಟವಾದವು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲಿನ ಬರೆಹವನ್ನು ಬೆಳಕಿಗೆ ತಂದವರು ಅವರೇ. ಕಂಚಿಯಲ್ಲಿ ಅವಮಾನಿತನಾದ ಮಯೂರಶರ್ಮನು ಖಡ್ಗ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ ಕಥೆಯನ್ನು ಆ ಕಂಬವೇ ನಮಗೆ ಹೇಳುವುದು. ನಮ್ಮ ಪೂರ್ವಿಕರ ಪರಾಕ್ರಮವನ್ನು ನಮಗೆ ಓದಿ ಹೇಳಿದವನು ಪಾದ್ರಿಯ ಮಗನೆಂಬುದನ್ನು ಶಿವಮೊಗ್ಗೆಯವರು ಮರೆಯುವುದು ಧರ್ಮವಲ್ಲ.

ಎರಡನೆಯದು ದುಡಿಮೆಯ ವಿಚಾರ. ಕ್ರೈಸ್ತಮತವನ್ನು ಸೇರಿದವರನ್ನು ಆಗ ಜಾತಿಯು ಹೊರಗೆ ಹಾಕುತ್ತಿತ್ತು, ಮನೆಯವರು ಬಾಗಿಲು ಮುಚ್ಚುತ್ತಿದ್ದರು, ಕಸುಬು ತಪ್ಪುತ್ತಿತ್ತು. ಇಂಥವರಿಗೆ ಅನ್ನದ ದಾರಿಯನ್ನು ತೋರಿಸಬೇಕಾಗಿ ಬಂದುದರಿಂದ ಬಾಸೆಲ್ ಮಿಷನ್ನಿನವರು ನೆಯ್ಗೆಯನ್ನೂ ಅಚ್ಚಿನ ಕೆಲಸವನ್ನೂ ಕಲಿಸಿದರು. ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮಲೆನಾಡಿನ ಮಳೆಯನ್ನು ತಡೆದು ನಿಂತ ಮಂಗಳೂರು ಹಂಚು ಎಷ್ಟು ಮನೆಗಳ ಮೇಲಿದೆಯೆಂಬುದನ್ನು ಯಾರಾದರೂ ತೀರ್ಥಹಳ್ಳಿ, ಸಾಗರಗಳ ಕಡೆ ಹೋಗಿ ನೋಡಿಕೊಳ್ಳಬಹುದು. ಕೈಕೆಲಸವು ಕೀಳೆಂಬ ಭಾವನೆಯನ್ನು ಹೋಗಲಾಡಿಸಿ, ಹೊತ್ತಿಗೆ ಸರಿಯಾಗಿ, ಲೆಕ್ಕಕ್ಕೆ ಸರಿಯಾಗಿ ದುಡಿಯುವುದೂ ಭಕ್ತಿಯೇ ಎಂದು ಈ ಕಾರ್ಖಾನೆಗಳು ಕಲಿಸಿದವು. ಕಾಯಕವೇ ಕೈಲಾಸವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿದ್ದ ಕನ್ನಡಿಗರ ಕಿವಿಗೆ ಈ ಪಾಠವು ಹೊಸದಲ್ಲ. ನಾವು ಮರೆತುದನ್ನು ಅವರು ಇನ್ನೊಂದು ಭಾಷೆಯಲ್ಲಿ ಜ್ಞಾಪಿಸಿದರು.

ಹಾಗೆಂದು ಗುಣವನ್ನು ಮಾತ್ರ ಹೇಳಿ ದೋಷವನ್ನು ಮರೆಸುವುದು ನ್ಯಾಯವಲ್ಲ. ಮಿಷನ್ನಿನ ಆಶ್ರಯವು ಅನೇಕ ಕ್ರೈಸ್ತರನ್ನು ಅದೇ ಮಿಷನ್ನಿನ ಹಂಗಿಗೆ ಕಟ್ಟಿಹಾಕಿತು. ಮನೆ ಮಿಷನ್ನಿನದು, ಕೆಲಸ ಮಿಷನ್ನಿನದು, ಮಕ್ಕಳ ಶಾಲೆ ಮಿಷನ್ನಿನದು. ಹೀಗಾದಾಗ ಮನುಷ್ಯನು ಊರಿನೊಳಗಿದ್ದೂ ಊರಿನವನಾಗಲಾರನು. ಸ್ವಾತಂತ್ರ್ಯದ ಹೋರಾಟವು ನಾಡನ್ನೆಲ್ಲ ಕಲಕಿದಾಗ, ೧೯೪೨ರಲ್ಲಿ ನಮ್ಮ ಈಸೂರಿನ ರೈತರು ತಮ್ಮ ಹಳ್ಳಿಯು ಸ್ವತಂತ್ರವೆಂದು ಸಾರಿ, ಅದಕ್ಕಾಗಿ ಐವರು ಗಲ್ಲಿಗೇರಿದಾಗ, ದೇಶದ ಚರ್ಚುಗಳಲ್ಲಿ ಹಲವು ಮೌನವಾಗಿದ್ದವು. ಆಳುವವರ ಮತವೂ ತಮ್ಮ ಮತವೂ ಒಂದೇ ಎಂಬ ಭ್ರಮೆಯು ಈ ಮೌನಕ್ಕೆ ಒಂದು ಕಾರಣ. ಆ ಮೌನವನ್ನು ಮುರಿದ ಕ್ರೈಸ್ತರೂ ಇದ್ದರು. ತಂಜಾವೂರಿನಲ್ಲಿ ಹುಟ್ಟಿದ ಜೆ. ಸಿ. ಕುಮಾರಪ್ಪನವರು ಲೆಕ್ಕಪರಿಶೋಧಕರ ದೊಡ್ಡ ಸಂಪಾದನೆಯನ್ನು ಬಿಟ್ಟು, ಖಾದಿ ತೊಟ್ಟು, ಗಾಂಧೀಜಿಯವರೊಡನೆ ಗ್ರಾಮೋದ್ಯೋಗದ ಕೆಲಸಕ್ಕೆ ತಮ್ಮ ಜೀವಮಾನವನ್ನೇ ಮೀಸಲಿಟ್ಟರು, ಸೆರೆಮನೆಯನ್ನೂ ಕಂಡರು. ನಮ್ಮ ಕರಾವಳಿಯ ಜೋಕಿಂ ಆಳ್ವರು ಸತ್ಯಾಗ್ರಹಿಯಾಗಿ ಸೆರೆವಾಸ ಅನುಭವಿಸಿ, ಸ್ವಾತಂತ್ರ್ಯಾನಂತರ ಉತ್ತರ ಕನ್ನಡದ ಪ್ರತಿನಿಧಿಯಾಗಿ ಲೋಕಸಭೆಯಲ್ಲಿದ್ದರು. ಕ್ರಿಸ್ತನನ್ನು ಪೂಜಿಸುವುದಕ್ಕೆ ಪರರಾಜ್ಯದ ನೆರಳು ಬೇಕಾಗಿಲ್ಲವೆಂಬುದನ್ನು ಇವರ ಬಾಳೇ ತೋರಿಸಿಕೊಟ್ಟಿತು.

ಆದರೆ ಉಪ್ಪಿನ ಹೋಲಿಕೆಗೆ ಸಂಪೂರ್ಣವಾಗಿ ಒಪ್ಪುವ ಕನ್ನಡಿಗನನ್ನು ಹೆಸರಿಸೆಂದರೆ ನಾವು ಉತ್ತಂಗಿ ಚನ್ನಪ್ಪನವರನ್ನು ಹೆಸರಿಸುತ್ತೇವೆ. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದರು. ಮಿಷನ್ನಿನ ಕೆಲಸಕ್ಕಾಗಿ ಹಳ್ಳಿಹಳ್ಳಿ ತಿರುಗುವಾಗ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಅವರು ಬರೆದುಕೊಳ್ಳತೊಡಗಿದರು. ಓಲೆಗರಿಗಳನ್ನು ಕೂಡಿಸಿದರು, ಪಾಠಗಳನ್ನು ಹೋಲಿಸಿ ನೋಡಿದರು. ೧೯೨೪ರಲ್ಲಿ ಸುಮಾರು ಎರಡು ಸಾವಿರ ವಚನಗಳ ಸಂಗ್ರಹವನ್ನು ಹೊರತಂದರು. ನಮ್ಮ ಶಿಕಾರಿಪುರದ ಮಗ್ಗುಲಿನ ಹಿರೇಕೆರೂರು ಸೀಮೆಯವನೆಂದು ಪ್ರತೀತಿಯಿರುವ ಸರ್ವಜ್ಞನು ಇಂದು ಪ್ರತಿ ಶಾಲೆಯ ಪಠ್ಯದಲ್ಲಿ ಇದ್ದಾನೆಂದರೆ ಅದಕ್ಕೆ ಈ ಪಾದ್ರಿಯ ಕಾಲ್ನಡಿಗೆಯ ಋಣವುಂಟು. ಮುಂದೆ ಅವರು ಶರಣರ ಅನುಭವ ಮಂಟಪದ ಐತಿಹಾಸಿಕತೆಯ ಮೇಲೆ ಗ್ರಂಥವನ್ನೇ ಬರೆದರು. "ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ" ಎಂದು ತಮ್ಮ ಪುಸ್ತಕವೊಂದಕ್ಕೆ ಅವರು ಇಟ್ಟ ಹೆಸರನ್ನೇ ನೋಡಿರಿ. ಅದು ಆಜ್ಞೆಯಲ್ಲ, ಆಕ್ರಮಣವಲ್ಲ, ವಿನಂತಿ. ಇಂಥವರನ್ನು ಕನ್ನಡಿಗರು ಹೇಗೆ ಕಂಡರು? ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ಮರುವರ್ಷವೇ, ೧೯೪೯ರಲ್ಲಿ, ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಅವರನ್ನು ಕುಳ್ಳಿರಿಸಿದರು. ಏಕೀಕರಣದ ಹಂಬಲವು ಮುಗಿಲು ಮುಟ್ಟಿದ್ದ ಕಾಲದಲ್ಲಿ ಕನ್ನಡ ಜನತೆಯ ಬಾಯಾಗಿ ಮಾತನಾಡಿದವರು ಒಬ್ಬ ಕ್ರೈಸ್ತ ಪಾದ್ರಿ! ಅವರು ತಮ್ಮ ನಂಬಿಕೆಯನ್ನು ಬಿಟ್ಟಿರಲಿಲ್ಲ, ನಾಡನ್ನೂ ಬಿಟ್ಟಿರಲಿಲ್ಲ. ಎರಡೂ ಅವರಲ್ಲಿ ಜಗಳವಾಡದೆ ಇದ್ದವು.

ಈಗ ನಮ್ಮ ಕಾಲಕ್ಕೂ ನಮ್ಮ ಊರುಗಳಿಗೂ ಬರೋಣ. ಶಿವಮೊಗ್ಗೆಯನ್ನು ಕೇಂದ್ರವಾಗಿರಿಸಿ ೧೯೮೮ರಲ್ಲಿ ರೋಮನ್ ಕಥೋಲಿಕರ ಧರ್ಮಪ್ರಾಂತವು ಸ್ಥಾಪಿತವಾಯಿತು. ೨೦೦೭ರಲ್ಲಿ ಭದ್ರಾವತಿಯು ಸೀರೋ-ಮಲಬಾರ್ ಸಭೆಯ ಧರ್ಮಪ್ರಾಂತದ ಪೀಠವಾಯಿತು. ಪ್ರಾಟೆಸ್ಟೆಂಟರ ಸಭೆಗಳೂ ಇಲ್ಲಿವೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಗರು, ಕಾರ್ಖಾನೆಯ ಕೆಲಸಕ್ಕೆ ಬಂದ ತಮಿಳರು, ಕೃಷಿಗಾಗಿ ಬಂದ ಮಲೆಯಾಳಿಗಳು, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರು, ಇವರೆಲ್ಲರೂ ಕೂಡಿದುದು ಇಲ್ಲಿನ ಕ್ರೈಸ್ತ ಸಮಾಜ. ಇವರು ಮಾಡತಕ್ಕ ಕಾರ್ಯಗಳು ನಮ್ಮ ದೃಷ್ಟಿಯಲ್ಲಿ ನಾಲ್ಕು.

ಮೊದಲನೆಯದು ಭಾಷೆಯದು. ಎರಡನೆಯ ವ್ಯಾಟಿಕನ್ ಮಹಾಸಭೆಯು (೧೯೬೨-೬೫) ಲ್ಯಾಟಿನ್ನಿನ ಸ್ಥಳದಲ್ಲಿ ಜನರ ನುಡಿಗೆ ಪೂಜಾವೇದಿಕೆಯ ಬಾಗಿಲನ್ನು ತೆರೆಯಿತು. ಆದರೆ ಜನರ ನುಡಿ ಯಾವುದೆಂಬ ಪ್ರಶ್ನೆಯೆದ್ದು, ಬೆಂಗಳೂರಿನ ಕಥೋಲಿಕರಲ್ಲಿ ಕನ್ನಡ-ತಮಿಳುಗಳ ಕಲಹವು ಅನೇಕ ವರ್ಷ ಉರಿಯಿತು. ಆ ಉರಿಯು ಭದ್ರಾ ತೀರಕ್ಕೆ ಬರಕೂಡದು. ಮನೆಯಲ್ಲಿ ಕೊಂಕಣಿಯೋ ಮಲೆಯಾಳವೋ ತಮಿಳೋ ಇರಲಿ, ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ತಾಯಿಯು ಕಲಿಸಿದ ಪ್ರಾರ್ಥನೆಯನ್ನು ಮಗುವು ಆ ನುಡಿಯಲ್ಲಿಯೇ ಹೇಳಲಿ. ಆದರೆ ಊರಿನೊಡನೆ ಮಾತನಾಡುವ ನುಡಿ ಕನ್ನಡವಾಗಿರಬೇಕು. ಚರ್ಚಿನ ಶಾಲೆಯು ಕನ್ನಡವನ್ನು ದಂಡ ತೆರುವ ಅಪರಾಧದಂತೆ ಕಾಣದೆ ಗೌರವದಿಂದ ಕಲಿಸಬೇಕು. ಕಿಟ್ಟೆಲ್ಲರ ವಾರಸುದಾರರೆಂದು ಹೇಳಿಕೊಳ್ಳುವವರ ಮಕ್ಕಳು ಕಿಟ್ಟೆಲ್ಲರ ನಿಘಂಟನ್ನು ಓದಲಾರದಂತಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸವುಂಟೆ?

ಎರಡನೆಯದು ದುಡಿಯುವವರ ವಿಚಾರ. ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿಯೆಂಬ ಕೈಗಾರಿಕಾ ಪಟ್ಟಣವಾದುದು ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ. ೧೯೧೮ರಲ್ಲಿ ಯೋಜಿತವಾಗಿ ೧೯೨೩ರಲ್ಲಿ ಕಬ್ಬಿಣವನ್ನು ಹೊರತೆಗೆದ ಕಾರ್ಖಾನೆಯೂ, ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಊರಿನ ಎರಡು ಕಣ್ಣುಗಳಂತಿದ್ದವು. ೨೦೧೫ರ ಸುಮಾರಿಗೆ ಕಾಗದದ ಯಂತ್ರಗಳು ನಿಂತುಹೋದವು. ೨೦೨೩ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವು ಪ್ರಕಟವಾದಾಗ ಊರೇ ಬೀದಿಗಿಳಿಯಿತು. ಕೆಲಸ ಕಳೆದುಕೊಂಡ ಗುತ್ತಿಗೆಯ ಆಳಿನ ಮನೆಯಲ್ಲಿ ಒಲೆ ಆರಿದಾಗ ಅದು ಹಿಂದುವಿನ ಒಲೆಯೋ ಮುಸಲ್ಮಾನನದೋ ಕ್ರೈಸ್ತನದೋ ಎಂದು ಹಸಿವು ಕೇಳುವುದಿಲ್ಲ. ಬಡಗಿಯ ಮನೆಯಲ್ಲಿ ಬೆಳೆದವನನ್ನು ದೇವರೆಂದು ಆರಾಧಿಸುವವರಿಗೆ ಕಾರ್ಮಿಕನ ಗೋಳು ಪರರ ಗೋಳಾಗಬಾರದು. ಹಂಚಿನ ಕಾರ್ಖಾನೆಗಳಲ್ಲಿ ಕಸುಬು ಕಲಿಸಿದ ಪರಂಪರೆಯು ಇಲ್ಲಿ ಮರಳಿ ಜೀವ ತಳೆಯಲಿ. ಊರಿನ ಎಲ್ಲ ಜಾತಿ ಮತಗಳ ತರುಣರಿಗೂ ಕಸುಬು ಕಲಿಸುವ ಸಂಜೆಯ ತರಗತಿಗಳನ್ನು ಚರ್ಚಿನ ಕಟ್ಟಡಗಳಲ್ಲಿ ನಡೆಸಬಹುದು. ಕೆಲಸ ತಪ್ಪಿದವರ ಮಕ್ಕಳಿಗೆ ಶುಲ್ಕದ ವಿನಾಯಿತಿಯನ್ನು ಕೊಡಬಹುದು. ಹೊಸ ಗೋಪುರ ಕಟ್ಟುವುದಕ್ಕಿಂತ ಇದರಿಂದ ದೇವರಿಗೆ ಹೆಚ್ಚು ಪ್ರೀತಿಯಾದೀತೆಂದು ನಮ್ಮ ನಂಬಿಕೆ.

ಮೂರನೆಯದು ನಿಷ್ಕಾಮ ಸೇವೆಯದು. ಮತಾಂತರದ ವಿಷಯವು ಇಂದು ಬಹು ಕಾವಿನ ಚರ್ಚೆಯಾಗಿದೆ. ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ೧೯೭೭ರಲ್ಲಿ ಸುಪ್ರೀಮ್ ಕೋರ್ಟು, ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪು ಕೊಟ್ಟಿತು. ಕಾನೂನಿನ ಮಾತು ಹಾಗಿರಲಿ. ಹಸಿದವನಿಗೆ ಅನ್ನ ಕೊಟ್ಟು ಕೈಚಾಚಿ ಪ್ರತಿಫಲ ಕೇಳುವುದು ಯಾವ ಧರ್ಮಕ್ಕೂ ಶೋಭಿಸದು. ಸೇವೆಯನ್ನು ಬಲೆಯಾಗಿಸಬಾರದೆಂದು ಗಾಂಧೀಜಿಯವರು ಮಿಷನರಿಗಳಿಗೆ ಮತ್ತೆ ಮತ್ತೆ ಹೇಳಿದರು. ಅವರ ಪರಮಮಿತ್ರರಾದ ಸಿ. ಎಫ್. ಆಂಡ್ರೂಸರು ಅದನ್ನು ಬಾಳಿ ತೋರಿಸಿದರು. ಪ್ರತಿಫಲವನ್ನು ಕೇಳದ ಸೇವೆಯು ಅನುಮಾನವನ್ನು ಕರಗಿಸುವಷ್ಟು ಯಾವ ವಾದವೂ ಕರಗಿಸಲಾರದು. ಕುವೆಂಪುರವರು "ಮಲೆಗಳಲ್ಲಿ ಮದುಮಗಳು" ಕಾದಂಬರಿಯಲ್ಲಿ ಮಲೆನಾಡಿಗೆ ಬೈಸಿಕಲ್ಲನ್ನೂ ಬೈಬಲ್ಲನ್ನೂ ಕೂಡಿಯೇ ತಂದ ಪಾದ್ರಿ ಜೀವರತ್ನಯ್ಯನನ್ನು ಚಿತ್ರಿಸಿದ್ದಾರೆ. ಆಗ ಜನರು ಬೆರಗಿನಿಂದಲೂ ಸಂಶಯದಿಂದಲೂ ಅವನನ್ನು ನೋಡಿದರು. ಬೈಸಿಕಲ್ಲಿನ ಬೆರಗು ಎಂದೋ ಹೋಯಿತು. ಸಂಶಯವನ್ನು ಕಳೆಯುವ ಕೆಲಸವು ಉಳಿದಿದೆ.

ನಾಲ್ಕನೆಯದು ಮನೆಯೊಳಗಿನದು. ಜಾತಿಭೇದವಿಲ್ಲವೆಂದು ಹೊರಗೆ ಸಾರುವ ಸಭೆಯಲ್ಲಿ, ದಲಿತ ಮೂಲದವನಿಗೆ ಬೇರೆ ಬೆಂಚು, ಬೇರೆ ಸಮಾಧಿಭೂಮಿ, ಬೇರೆ ಸಂಬಂಧವೆಂಬುದು ಭಾರತದ ಹಲವೆಡೆ ಕಂಡುಬಂದ ಕಳಂಕ. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಮೇರೆಗೆ ಪರಿಶಿಷ್ಟ ಜಾತಿಯ ಸ್ಥಾನವು ಮೊದಲು ಹಿಂದುಗಳಿಗೆ ಮಾತ್ರವೂ, ಬಳಿಕ ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ದೊರೆಯಿತು. ದಲಿತ ಕ್ರೈಸ್ತನಿಗೆ ದೊರೆಯಲಿಲ್ಲ. ಅವನು ಸರಕಾರದ ಮುಂದೆಯೂ ಚರ್ಚಿನ ಮುಂದೆಯೂ ಎರಡು ಕಡೆಯ ಹೊಡೆತಕ್ಕೆ ಸಿಕ್ಕಿದ್ದಾನೆ. ಸರಕಾರದಿಂದ ನ್ಯಾಯ ಕೇಳುವ ಬಾಯಿಯು ಮೊದಲು ತನ್ನ ಅಂಗಳವನ್ನು ಗುಡಿಸಿ ಮಾತನಾಡಿದರೆ ಆ ಮಾತಿಗೆ ಹತ್ತರಷ್ಟು ತೂಕ ಬರುವುದು. ಅಸ್ಪೃಶ್ಯತೆಯ ಪಾಪದಲ್ಲಿ ಮುಳುಗಿದ ನಾವು ಹಿಂದುಗಳೂ ಈ ಉದಾಹರಣೆಯನ್ನು ಕಂಡು ನಾಚಿ ತಿದ್ದಿಕೊಂಡೇವು. ನೆರೆಯವರ ಮೇಲೆ ಪರಿಣಾಮ ಬೀರುವುದೆಂದರೆ ಇದೇ ಅಲ್ಲವೆ?

ಕ್ರೈಸ್ತರಿಗೆ ಇಷ್ಟು ಹೇಳಿದ ಮೇಲೆ ಉಳಿದ ಕನ್ನಡಿಗರಿಗೆ ಎರಡು ಮಾತು ಹೇಳದಿದ್ದರೆ ನಮ್ಮ ತಕ್ಕಡಿ ವಾಲಿದಂತಾಗುವುದು. ಉಪ್ಪು ಕರಗಬೇಕಾದರೆ ನೀರು ಅದನ್ನು ಒಳಗೆ ಬಿಟ್ಟುಕೊಳ್ಳಬೇಕು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟ್ಟೆಲ್ಲರ ಪ್ರತಿಮೆಯನ್ನು ನಿಲ್ಲಿಸಿ ಹೂಮಾಲೆ ಹಾಕುವ ನಾವು, ಅದೇ ಮತದ ನೆರೆಯವನಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿದರೆ ಆ ಮಾಲೆಗೆ ಏನರ್ಥ? ಸತ್ತ ಪಾದ್ರಿಯನ್ನು ಹೊಗಳುವುದು ಸುಲಭ, ಬದುಕಿರುವ ನೆರೆಯವನನ್ನು ನಂಬುವುದು ಕಷ್ಟ. ಕರ್ಣಾಟಕವು ಒಂದಾಗಲೆಂದು ಹಿರಿಯರು ಕನಸು ಕಂಡಾಗ ಅವರು ಒಂದು ಮತದ ನಾಡನ್ನು ಕೇಳಲಿಲ್ಲ, ಒಂದು ನುಡಿಯ ನಾಡನ್ನು ಕೇಳಿದರು. ಜೈನ ಪಂಪನೂ ವೀರಶೈವ ಹರಿಹರನೂ ವೈಷ್ಣವ ಪುರಂದರನೂ ಮುಸಲ್ಮಾನ ಶಿಶುನಾಳ ಷರೀಫನೂ ಕ್ರೈಸ್ತ ಕಿಟ್ಟೆಲ್ಲನೂ ಕೂಡಿಯೇ ಕಟ್ಟಿದ ಮನೆಯಿದು. ಇವರಲ್ಲಿ ಒಬ್ಬನ ಕಂಬವನ್ನು ಕಿತ್ತರೆ ಸೂರು ಎಲ್ಲರ ತಲೆಯ ಮೇಲೆ ಕುಸಿಯುವುದು.

ಮಾಡಬೇಕಾದ ಕೆಲಸಕ್ಕೆ ದೊಡ್ಡ ಸಭೆಗಳ ಅಪ್ಪಣೆ ಬೇಕಾಗಿಲ್ಲ. ಶಿವಮೊಗ್ಗೆ ಭದ್ರಾವತಿಗಳ ಉಪಾಧ್ಯಾಯರು ಜುಲೈ ೧ರಂದು ಶಾಲೆಯ ಮಕ್ಕಳನ್ನು ಒಟ್ಟುಗೂಡಿಸಿ ಮೊಗ್ಲಿಂಗನ ಪತ್ರಿಕೆಯ ಕಥೆಯನ್ನು ಹೇಳಲಿ. ಮಿಷನ್ ಶಾಲೆಯ ಮಕ್ಕಳನ್ನೂ ಸರಕಾರಿ ಶಾಲೆಯ ಮಕ್ಕಳನ್ನೂ ಕೂಡಿಯೇ ತಾಳಗುಂದಕ್ಕೆ ಕರೆದೊಯ್ದು ಕಂಬವನ್ನು ತೋರಿಸಲಿ. ಚರ್ಚಿನ ವಾಚನಾಲಯದಲ್ಲಿ ಸರ್ವಜ್ಞನ ವಚನಗಳೂ, ಊರಿನ ವಾಚನಾಲಯದಲ್ಲಿ ಉತ್ತಂಗಿಯವರ ಗ್ರಂಥಗಳೂ ಇರಲಿ. ಕಾರ್ಖಾನೆಯ ಕಷ್ಟದ ದಿನಗಳಲ್ಲಿ ಪಾದ್ರಿಗಳೂ ಮಠದ ಸ್ವಾಮಿಗಳೂ ಮೌಲ್ವಿಗಳೂ ಒಂದೇ ಚಾಪೆಯ ಮೇಲೆ ಕುಳಿತು ದುಡಿಯುವವರ ಪರವಾಗಿ ಮಾತನಾಡಲಿ. ಇವು ಸಣ್ಣ ಕೆಲಸಗಳೆಂದು ಯಾರೂ ಅಲಕ್ಷಿಸಬಾರದು. ಸರ್ವಜ್ಞನ ಸಂಗ್ರಹವೂ ಹಳ್ಳಿಯೊಂದರ ಜಗುಲಿಯ ಮೇಲೆ ಕೇಳಿದ ಒಂದು ತ್ರಿಪದಿಯಿಂದಲೇ ಮೊದಲಾಗಿರಬೇಕು. ನಾಡು ಕೂಡ ಹೀಗೆಯೇ, ಒಂದೊಂದು ನೆರೆಯ ಮನೆಯಿಂದ, ಒಂದಾಗುವುದು.